ಕಾಯಬಾರದ ಟ್ಯೂಬು

ನಮ್ಮ ಲ್ಯಾಬಿನ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಭುಜದಿಂದ ತಳ್ಳಿಕೊಂಡು ಒಳಗೆ ಬರುತ್ತಾರೆ, ಐಸ್ ಬಾಕ್ಸನ್ನು ಮೇಜಿನ ಮೇಲಿಟ್ಟು ಹೋಗುತ್ತಾರೆ. ಆ ಮಂಗಳವಾರ ಯಾರೋ ತಟ್ಟಿದರು. ಅದೂ ಮೆಲ್ಲಗೆ, ಪರೀಕ್ಷೆಗೆ ತಡವಾಗಿ ಬಂದವರ ಹಾಗೆ.

ತಲೆಯೆತ್ತಿದರೆ ವಾರ್ಡ್ ಡಾಕ್ಟರ್. ಎದುರಿಗೆ ನಾನು ಅವನನ್ನು ಡಾಕ್ಟರ್ ಎಂದೇ ಕರೆಯುವುದು, ನೀವು ಎಂದೇ ಮಾತಾಡಿಸುವುದು. ಮನಸ್ಸಿನೊಳಗೆ ಮಾತ್ರ ಯಾವಾಗಿನಿಂದಲೋ ಏಕವಚನಕ್ಕೆ ಇಳಿದುಬಿಟ್ಟಿದ್ದೆ. ಅದು ಅವನಿಗೆ ಗೊತ್ತಿಲ್ಲ ಎಂದು ನನ್ನ ನಂಬಿಕೆ.

"ಒಳಗೆ ಬರಬಹುದಾ?" ಎಂದ.

"ಇಷ್ಟು ದಿನ ಯಾರನ್ನ ಕೇಳ್ಕೊಂಡು ಬರ್ತಿದ್ರಿ?"

ಇಂಥ ಮಾತಿಗೆ ನಗುವ ಮನುಷ್ಯ, ಅವತ್ತು ನಗಲಿಲ್ಲ. ಮುಖ ಕೆಂಪಗಿತ್ತು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮುಷ್ಟಿ ಬಿಚ್ಚಿ, ಹಸಿರು ಮುಚ್ಚಳದ ಒಂದು ಟ್ಯೂಬನ್ನು ನನ್ನತ್ತ ಚಾಚಿದ.

"ನನ್ನದೇ ರಕ್ತ. ಆರೋಗ್ಯವಾಗಿರೋರದ್ದು ಬೇಕು ಅಂದಿದ್ರಲ್ಲ. ಈಗಷ್ಟೇ ತೆಗೆಸ್ಕೊಂಡೆ. ಐಸ್ ಬಾಕ್ಸ್ ಯಾವುದೂ ಖಾಲಿ ಇರಲಿಲ್ಲ, ಕೈಯಲ್ಲೇ ತಂದೆ."

ಟ್ಯೂಬು ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು. ಅವನ ಕೈ ಸುಡುತ್ತಿತ್ತು. ಟ್ಯೂಬೂ ಬೆಚ್ಚಗಿತ್ತು, ಆದರೆ ಈಗಷ್ಟೇ ತೆಗೆದ ರಕ್ತ ಬೆಚ್ಚಗೇ ಇರುತ್ತದೆ. ಚೀಟಿಯ ಮೇಲಿದ್ದ ಸಮಯ ನೋಡಿದೆ, ಸರಿಯಾಗಿತ್ತು.

"ಮತ್ತೆ... ಒಂದು ಮಾತು ಹೇಳ್ಬೇಕಿತ್ತು," ಎಂದ.

"ಹೇಳಿ."

ಫ್ರಿಜ್ ನೋಡಿದ. ರಕ್ತದ ಟ್ಯೂಬು ತಿರುಗಿಸುವ ಸೆಂಟ್ರಿಫ್ಯೂಜ್ ನೋಡಿದ. ನನ್ನ ಕೈಗವಸು ನೋಡಿದ. ನನ್ನ ಮುಖವೊಂದನ್ನು ಬಿಟ್ಟು ಕೋಣೆಯಲ್ಲಿದ್ದುದನ್ನೆಲ್ಲ ನೋಡಿ ಮುಗಿಸಿದ ಮೇಲೆ, "ಏನಿಲ್ಲ. ಟ್ಯೂಬ್ ಕಾಯಬಾರದು, ನೀವು ಕೆಲಸ ನೋಡಿ," ಎಂದು ಹೊರಟೇಹೋದ. ನಾನು ಟ್ಯೂಬು ಹಿಡಿದುಕೊಂಡು ಪೆಚ್ಚಾಗಿ ನಿಂತೆ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಶ್ವಾಸಕೋಶಕ್ಕೆ ಹಿಡಿಯುವ ವೈರಸ್ ಜ್ವರದಿಂದ ವಾರ್ಡಿಗೆ ಬರುವವರಲ್ಲಿ ಬಹಳಷ್ಟು ಜನ ನಾಲ್ಕು ದಿನ ಕೆಮ್ಮಿ ಮನೆಗೆ ಹೋಗುತ್ತಾರೆ. ಕೆಲವರು ಇದ್ದಕ್ಕಿದ್ದಂತೆ ಕುಸಿಯುತ್ತಾರೆ. ಮೊದಲ ದಿನ ನೋಡಿದರೆ ಎಲ್ಲರೂ ಒಂದೇ ಥರ, ಆದರೆ ರಕ್ತದೊಳಗೆ ಒಂದೇ ಥರ ಇರುವುದಿಲ್ಲ. ವೈರಸ್ ಹೊಕ್ಕ ಮೈಯಲ್ಲಿ ಜೀವಕೋಶಗಳು ಒಂದನ್ನೊಂದು ಕೂಗಿ ಕರೆಯುತ್ತವೆ. ಆ ಕೂಗೇ ಸಣ್ಣ ಸಣ್ಣ ಅಣುಗಳು. ಐಎಲ್-ಆರು, ಐಎಲ್-ಎಂಟು, ಐಪಿ-ಹತ್ತು ಎಂದು ಬಸ್ ನಂಬರಿನಂಥ ಹೆಸರು ಅವಕ್ಕೆ. ಕೂಗು ಹದವಾಗಿದ್ದರೆ ಕಾಯಿಲೆ ವಾಸಿಯಾಗುತ್ತದೆ. ಅತಿಯಾದರೆ, ಬೆಂಕಿ ಆರಿಸಲು ಬಂದವರೇ ಮನೆ ಕೆಡವಿದ ಹಾಗೆ. ಯಾರ ರಕ್ತದಲ್ಲಿ ಕೂಗು ಮೊದಲೇ ಜೋರಾಗಿದೆಯೋ ಅವರೇ ಮುಂದೆ ಕುಸಿಯುತ್ತಾರೆಯೇ, ಇದನ್ನು ಕಂಡುಹಿಡಿಯುವುದು ನಮ್ಮ ಅಧ್ಯಯನ. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು. ರೋಗಿಗಳ ಟ್ಯೂಬಿಗೆ ಕೆಂಪು ಚೀಟಿ, ಆರೋಗ್ಯವಂತರದಕ್ಕೆ ಬಿಳಿ ಚೀಟಿ. ಅದರ ಮೇಲೆ ನಂಬರು ಮತ್ತು ಸಮಯ, ಹೆಸರಿಲ್ಲ.

ನಿಯಮ ಎರಡು. ರಕ್ತ ತೆಗೆದ ಅರ್ಧ ಗಂಟೆಯೊಳಗೆ ಟ್ಯೂಬು ಐಸಿನಲ್ಲಿ ಬಂದು ನಮ್ಮ ಯಂತ್ರದಲ್ಲಿ ತಿರುಗಬೇಕು, ತಡವಾದರೆ ಲೆಕ್ಕ ಕೆಡುತ್ತದೆ. ಇನ್ನೊಂದು, ಅಧ್ಯಯನ ಮುಗಿಯುವವರೆಗೆ ಲ್ಯಾಬಿನವರು ಬಂದ ಅಂಕಿಯನ್ನು ವಾರ್ಡಿನವರಿಗೆ ಹೇಳಬಾರದು. ಅಂಕಿ ಗೊತ್ತಾದರೆ ಡಾಕ್ಟರ ಕಣ್ಣೇ ಬದಲಾಗುತ್ತದೆ, ಆಮೇಲೆ ಅಧ್ಯಯನಕ್ಕೆ ಅರ್ಥವಿಲ್ಲ.

ಮೊದಲನೆಯ ನಿಯಮವನ್ನು ವಾರ್ಡಿನಲ್ಲಿ ಕಟ್ಟುನಿಟ್ಟಾಗಿ ಜಾರಿಗೆ ತಂದವನು ಅವನೇ. ಒಮ್ಮೆ ಒಬ್ಬ ಸಿಸ್ಟರ್ ಟ್ಯೂಬನ್ನು ಕಿಟಕಿಯ ಮೇಲೆ ಮರೆತಿದ್ದಕ್ಕೆ, "ರಕ್ತ ಏನು ಚಹಾನಾ ಸಿಸ್ಟರ್, ಆರಲಿ ಅಂತ ಇಡೋಕೆ?" ಎಂದು ಎಲ್ಲರ ಎದುರು ಕೇಳಿದ್ದ. ಅಂದಿನಿಂದ ಅವನಿಗೆ ಐಸ್ ಡಾಕ್ಟರ್ ಎಂದು ಹೆಸರಾಯಿತು. ಆ ಹೆಸರು ನನಗೆ ಇಷ್ಟ. ಐಸ್ ಬಾಕ್ಸ್ ತರಲು ಬೇರೆ ಆಳುಗಳಿದ್ದರೂ ಎಷ್ಟೋ ದಿನ ಅವನೇ ಮೆಟ್ಟಿಲು ಹತ್ತಿ ತಂದುಕೊಡುತ್ತಿದ್ದ. ಯಾಕೆ ಎಂದು ನಾನು ಯೋಚಿಸಿದ್ದುಂಟು. ಶಿಸ್ತಿನ ಮನುಷ್ಯ, ಬೇರೆಯವರನ್ನು ನಂಬುವುದಿಲ್ಲ ಎಂದುಕೊಂಡಿದ್ದೆ. ಇಷ್ಟು ದೊಡ್ಡ ಪೆದ್ದಿಗೆ ಲ್ಯಾಬಿನಲ್ಲಿ ಕೆಲಸ ಹೇಗೆ ಸಿಕ್ಕಿತೋ.

ಆ ವಾರ ನಮ್ಮ ದೊಡ್ಡ ಮೇಡಂ ಸಮ್ಮೇಳನಕ್ಕೆಂದು ಊರಿನಲ್ಲಿರಲಿಲ್ಲ. ಲ್ಯಾಬಿನಲ್ಲಿ ನಾನೊಬ್ಬಳೇ. ಶುಕ್ರವಾರ ಬೆಳಿಗ್ಗೆ ವಾರದ ಟ್ಯೂಬುಗಳನ್ನೆಲ್ಲ ಅಳೆದೆ. ಬಿಳಿ ಚೀಟಿಯ ಅಂಕಿಗಳು ಯಾವಾಗಲೂ ಸೊನ್ನೆಯ ಅಕ್ಕಪಕ್ಕ ಮಲಗಿರುತ್ತವೆ. ಅವತ್ತು ಒಂದು ಮಾತ್ರ ಎದ್ದು ನಿಂತಿತ್ತು. ಐಎಲ್-ಆರು ಜೋರು. ಐಎಲ್-ಎಂಟು ಅದಕ್ಕಿಂತ ಜೋರು. ಆಮ್ಲಜನಕ ಹಾಕಿಸಿಕೊಂಡ ರೋಗಿಗಳ ಅಂಕಿಗಳ ಮಧ್ಯೆ ಇಟ್ಟರೆ ಗುರುತೇ ಸಿಗದಷ್ಟು. ಮತ್ತೊಮ್ಮೆ ಅಳೆದೆ. ಅಷ್ಟೇ ಬಂತು.

ಅದು ಮಂಗಳವಾರದ್ದು, ಅವತ್ತು ಬಂದಿದ್ದ ಬಿಳಿ ಚೀಟಿ ಒಂದೇ ಒಂದು. ಯಾರದೆಂದು ನನಗೆ ಗೊತ್ತಿರಬಾರದಿತ್ತು, ಆದರೆ ಗೊತ್ತಿತ್ತು.

ಕೆಂಪಗಿದ್ದ ಮುಖ, ಬೆವರು, ಸುಡುವ ಕೈ, ಹೇಳಲು ಬಂದ ಮಾತು ಮರೆತು ಹೋದದ್ದು, ಎಲ್ಲ ಒಂದೊಂದಾಗಿ ನೆನಪಾಯಿತು. ದಿನವಿಡೀ ಆ ರೋಗಿಗಳ ನಡುವೆಯೇ ಓಡಾಡುವವನು ಅವನು. ವೈರಸ್‌ನ ಗುರುತನ್ನು ಖಚಿತವಾಗಿ ಹಿಡಿಯುವುದು ಐಪಿ-ಹತ್ತು. ಅದನ್ನು ಅಳೆಯುವ ಕಿಟ್ ಸೋಮವಾರ ಬರಬೇಕಿತ್ತು. ಸೋಮವಾರದವರೆಗೆ ಕಾಯುವ ತಾಳ್ಮೆ ನನ್ನಲ್ಲಿರಲಿಲ್ಲ, ಅದಕ್ಕೆ ಕಾರಣ ನಮ್ಮಪ್ಪ.

ಅಪ್ಪ ಇದೇ ಥರದ ಜ್ವರ ಬಂದು ತಾನೇ ನಡೆದುಕೊಂಡು ಆಸ್ಪತ್ರೆಗೆ ಹೋದ. ಹಾಸಿಗೆಯ ಮೇಲೆ ಕೂತು ಸಿಸ್ಟರನ್ನು ರೇಗಿಸಿದ. "ಪುಟ್ಟಿ, ಓದೋಕೆ ಕನ್ನಡಕ ಮರ್ತೆ, ತಂದ್ಕೊಡು" ಎಂದ. ಮನೆಗೆ ಹೋಗಿ ತರುವಷ್ಟರಲ್ಲಿ ಮುಖದ ಮೇಲೆ ಮಾಸ್ಕ್ ಹಾಕಿದ್ದರು, ಕನ್ನಡಕ ಅದರ ಮೇಲೆ ಕೂರಲಿಲ್ಲ. ಅಪ್ಪ ಹೋದ ಮೇಲೆ "ಬಂದಾಗ ಚೆನ್ನಾಗೇ ಇದ್ರಲ್ಲ" ಎಂದು ಎಲ್ಲರೂ ಹೇಳಿದರು. ಚೆನ್ನಾಗಿರುವಾಗಲೇ ತಿಳಿಯುವ ದಾರಿಯೊಂದು ಬೇಕು ಎಂದು ನಾನು ಈ ಕೆಲಸಕ್ಕೆ ಬಂದದ್ದು. ಈಗ ತಿಳಿದಿತ್ತು, ಹೇಳುವ ಹಾಗಿರಲಿಲ್ಲ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅಂಕಿ ಹೇಳದೆ ಮನುಷ್ಯನನ್ನು ಉಳಿಸಿಕೊಳ್ಳಬಹುದೇ ಎಂದು ಯೋಚಿಸುತ್ತ ಕ್ಯಾಂಟೀನಿಗೆ ಹೋದೆ. ಮೂಲೆಯ ಮೇಜಿನಲ್ಲಿ ಅವನು ತಟ್ಟೆಯಲ್ಲಿದ್ದುದನ್ನು ಚಮಚದಿಂದ ಅತ್ತಿಂದಿತ್ತ ಸರಿಸುತ್ತ ಕೂತಿದ್ದ. ನಾನು ಎದುರಿಗೆ ಕೂತೆ. ಅವನ ಚಮಚ ಕೆಳಗೆ ಬಿತ್ತು.

"ಊಟ ಸೇರ್ತಿದೆಯಾ?" ಎಂದೆ.

"ನಿಮಗೆ ಹೇಗೆ ಗೊತ್ತಾಯ್ತು?"

"ಏನು?"

"ಸೇರ್ತಿಲ್ಲ ಅಂತ."

"ನಿದ್ದೆ?"

"ಎಲ್ಲಿಂದ ಬರ್ಬೇಕು, ಹೇಳಿ." ಈಗ ಸಣ್ಣಗೆ ನಕ್ಕ. ಎಡಗಡೆ ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುವ ನಗು. ಬೇರೆ ದಿನವಾಗಿದ್ದರೆ ನಾನು ಅದನ್ನು ನೋಡುತ್ತ ಪ್ರಶ್ನೆಯನ್ನೇ ಮರೆಯುತ್ತಿದ್ದೆ.

"ಎದೆ? ಎದೆಯಲ್ಲಿ ಏನಾದರೂ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಇದೆ. ಒಂಥರಾ ಭಾರ. ನಿಮ್ಮ ಲ್ಯಾಬಿನ ಮೆಟ್ಟಿಲು ಹತ್ತುವಾಗ ಜಾಸ್ತಿ."

ಮೆಟ್ಟಿಲು ಹತ್ತುವಾಗ ಎದೆ ಭಾರ. ಪುಸ್ತಕದಲ್ಲಿ ಮೊದಲ ಪುಟದಲ್ಲೇ ಇರುವ ಲಕ್ಷಣ. "ಎಷ್ಟು ದಿನದಿಂದ?" ಎಂದು ಕೇಳಿದೆ.

"ತುಂಬಾ ತಿಂಗಳಾಯ್ತು ಅಂದ್ರೆ ನಂಬ್ತೀರಾ?"

"ಡಾಕ್ಟರ್, ಇದು ತಮಾಷೆ ಅಲ್ಲ."

"ನಾನೂ ತಮಾಷೆ ಮಾಡ್ತಿಲ್ಲ," ಎಂದ. ಮೊದಲ ಸಲ ನೇರವಾಗಿ ನನ್ನ ಕಣ್ಣು ನೋಡಿದ. ಆ ನೋಟದಲ್ಲಿ ಏನೋ ಇತ್ತು, ಕೇಳುವ ಥರದ್ದು, ಕಾಯುವ ಥರದ್ದು. ತಿಂಗಳುಗಟ್ಟಲೆ ಇರುವ ವೈರಸ್ ಯಾವುದು ಎಂದು ನಾನು ಆಗಲೇ ಯೋಚಿಸಬೇಕಿತ್ತು. ನನ್ನ ಕಣ್ಣ ಮುಂದೆ ಮಾಸ್ಕಿನ ಮೇಲೆ ಕೂರದ ಕನ್ನಡಕವೇ ಇತ್ತು.

"ನನ್ನ ಮಾತು ಕೇಳಿ," ಎಂದೆ. "ಸ್ವಲ್ಪ ದಿನ ರಜೆ ಹಾಕಿ. ಮನೇಲಿರಿ. ಯಾರ ಹತ್ತಿರಕ್ಕೂ ಹೋಗ್ಬೇಡಿ. ನನ್ನ ಹತ್ತಿರಕ್ಕಂತೂ ಬರಲೇಬೇಡಿ. ಮನೇಲಿ ನಮ್ಮಮ್ಮ ಇದ್ದಾರೆ, ಅರ್ಥ ಮಾಡ್ಕೊಳ್ಳಿ. ಯಾಕೆ ಅಂತ ಮಾತ್ರ ಕೇಳ್ಬೇಡಿ, ಹೇಳೋಕಾಗಲ್ಲ."

ಅವನ ಮುಖದಲ್ಲಿದ್ದ ಕೆಂಪೆಲ್ಲ ಇಳಿದುಹೋಯಿತು. ಆಮೇಲೆ ತಟ್ಟೆ ಎತ್ತಿಕೊಂಡು ಎದ್ದ.

"ಅರ್ಥ ಆಯ್ತು. ಅಮ್ಮನ ವಿಷಯ ನಾನು ಯೋಚಿಸಿರಲಿಲ್ಲ. ತಪ್ಪಾಯ್ತು."

ಇಷ್ಟು ಬೇಗ ಅರ್ಥ ಮಾಡಿಕೊಂಡನಲ್ಲ, ಡಾಕ್ಟರ್ ಅಂದರೆ ಹೀಗಿರಬೇಕು ಎಂದು ನನಗೆ ಸಮಾಧಾನವಾಯಿತು. ಆದರೆ ಬಾಗಿಲ ಹತ್ತಿರ ಹೋದವನು ತಿರುಗಿ ನನ್ನನ್ನು ನೋಡಿದ ರೀತಿ ಮಾತ್ರ ಹೊಂದಲಿಲ್ಲ. ಜ್ವರದ ಭಯ ಇರುವವರು ಹಾಗೆ ನೋಡುವುದಿಲ್ಲ.

ಮರುದಿನ ಐಸ್ ಬಾಕ್ಸನ್ನು ಆಯಾ ತಂದಳು. ಹಿಂದೆಯೇ ಬಂದ ಹಿರಿಯ ಸಿಸ್ಟರ್ ಮೇಜಿಗೊರಗಿ ನಿಂತರು. ಅವರು ಸುದ್ದಿಯಿಲ್ಲದೆ ಎಲ್ಲಿಗೂ ಬರುವವರಲ್ಲ.

"ಐಸ್ ಡಾಕ್ಟರ್ ರಜೆ ಹಾಕಿದ್ದಾರೆ ಗೊತ್ತಾ? ಮುಖ ನೋಡಿದ್ರೆ ವಾರ ಲಂಘನ ಮಾಡ್ದೋರ ಹಾಗಿತ್ತು. ಇನ್ನೊಂದೂರಿನ ಆಸ್ಪತ್ರೆಯಿಂದ ಕರೀತಾ ಇದ್ರಂತೆ, ಇಷ್ಟು ದಿನ ಹೂಂ ಅನ್ನದೆ ಇಟ್ಕೊಂಡಿದ್ರು. ಈಗ ಹೋಗ್ತಾರಂತೆ."

"ಹುಷಾರಿಲ್ಲದೆ ಎಲ್ಲಿಗೆ ಹೋಗ್ತಾರೆ?"

"ಹುಷಾರಿಲ್ಲ ಅಂತ ಯಾರಂದ್ರು?" ಸಿಸ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹುಷಾರಿಲ್ಲದೋರು ಯಾರು ಅಂತ ನನಗೆ ಕಾಣ್ತಿದೆ ಬಿಡಿ."

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿದೆ. ಒಬ್ಬನೇ ಇರುವ ಮನೆ. ಎತ್ತಲಾಗದೆ ಬಿದ್ದಿದ್ದಾನೋ, ಎತ್ತಲು ಇಷ್ಟವಿಲ್ಲವೋ? ಕಾಯಿಲೆಯವನು ಬೇರೆ ಊರಿಗೆ ಹೋಗುವುದೇಕೆ? ಹೋಗುವುದಾದರೆ ಊಟ ನಿದ್ದೆ ಬಿಟ್ಟದ್ದೇಕೆ? ಒಂದಕ್ಕೊಂದು ಕೂಡುತ್ತಿರಲಿಲ್ಲ. ಮನೆಗೆ ಹೋಗಿ ಸೋಫಾದ ಮೇಲೆ ಕೂತವಳಿಗೆ ಅಮ್ಮ ಬಂದದ್ದೂ ತಿಳಿಯಲಿಲ್ಲ.

"ಯಾರಿಗೆ ಹುಷಾರಿಲ್ಲ ಪುಟ್ಟಿ?" ಎಂದಳು ಅಮ್ಮ.

"ಯಾರಿಗೂ ಇಲ್ಲ."

"ಹಾಗಾದ್ರೆ ಚಪ್ಪಲಿ ಬಿಚ್ಚಿ ಕೂತ್ಕೋ. ನಿಮ್ಮಪ್ಪನ ಕನ್ನಡಕಕ್ಕೆ ಅಂತ ಓಡಿ ಬಂದೆಯಲ್ಲ, ಅವತ್ತೂ ಹೀಗೇ ಇತ್ತು ನಿನ್ನ ಮುಖ." ಪಕ್ಕದಲ್ಲಿ ಕೂತು ನನ್ನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. "ಯಾರು ಅಂತ ನಾನು ಕೇಳಲ್ಲ. ನೀನಾಗೇ ಹೇಳುವಾಗ ಹೇಳು. ಬೇಗ ಹೇಳು, ಅಷ್ಟೆ."

ಅಮ್ಮನ ಹೆಗಲ ಮೇಲೆ ಅತ್ತೆ. ಅಳುತ್ತಲೇ ಒಂದು ವಿಷಯ ತಿಳಿಯಿತು. ಅಧ್ಯಯನದ ನೂರಾರು ಟ್ಯೂಬುಗಳಲ್ಲಿ ಎಷ್ಟೋ ಅಂಕಿಗಳು ಹೀಗೆ ಎದ್ದು ನಿಂತಿದ್ದವು, ನಾನು ಅತ್ತಿರಲಿಲ್ಲ. ನನಗೆ ಅವನೆಂದರೆ ಜೀವ. ಇದನ್ನು ಅವನಿಗೆ ಹೇಳುವ ಮೊದಲೇ ಅವನು ಮಾಸ್ಕಿನ ಹಿಂದೆ ಹೋಗಿಬಿಡುತ್ತಾನೆ ಎಂಬುದೊಂದೇ ನನ್ನ ಭಯ.

ಸೋಮವಾರ ದೊಡ್ಡ ಮೇಡಂ ಬಂದರು. ಬ್ಯಾಗ್ ಕೆಳಗಿಡುವ ಮೊದಲೇ ಎಲ್ಲ ಒದರಿಬಿಟ್ಟೆ. ಟ್ಯೂಬು ಯಾರದೆಂದು ನನಗೆ ಗೊತ್ತು ಎಂದೆ, ಅಂಕಿ ಹೇಳಲಿಲ್ಲ ಆದರೆ ರಜೆ ಹಾಕಿಸಿದೆ ಎಂದೆ. ಬೈಯಿರಿ, ಕೆಲಸದಿಂದ ತೆಗೆಯಿರಿ, ಮೊದಲು ಅವನನ್ನು ಕರೆಸಿ ಎಂದೆ. ಎದುರಿಗೇ 'ಅವನು' ಎಂದದ್ದು ಆಮೇಲೆ ಗಮನಕ್ಕೆ ಬಂತು. ಮೇಡಂಗೆ ಆಗಲೇ ಬಂದಿತ್ತು.

"ಒಂದು ಟ್ಯೂಬು, ಒಂದು ಸಲ ತೆಗೆದ ರಕ್ತ, ಎರಡು ಸಂಕೇತ," ಎಂದರು ಮೇಡಂ ಕನ್ನಡಕ ಏರಿಸಿಕೊಂಡು. "ಇಷ್ಟು ನೋಡಿ ಭವಿಷ್ಯ ಹೇಳೋಕೆ ನಾವೇನು ಗಿಳಿ ಶಾಸ್ತ್ರದೋರಾ? ಒಂದೇ ಸಲದ ಅಳತೆ ನಂಬಬೇಡಿ ಅಂತ ಹೊಸಬರಿಗೆಲ್ಲ ಪಾಠ ಮಾಡೋಳು ನೀನೇ ಕಣೆ. ಕಿಟ್ ಬಂದಿದೆಯಲ್ಲ, ಐಪಿ-ಹತ್ತು ನೋಡು. ಆಮೇಲೆ ಅಳು."

ನೋಡಿದೆ. ಯಂತ್ರದಿಂದ ಅಂಕಿ ಬರುವವರೆಗೆ ಉಸಿರು ಹಿಡಿದುಕೊಂಡೇ ಇದ್ದೆ. ಐಪಿ-ಹತ್ತು ಸೊನ್ನೆಯ ಪಕ್ಕದಲ್ಲಿ ಹಾಯಾಗಿ ಮಲಗಿತ್ತು. ಎರಡನೇ ಸಲವೂ ಹಾಗೇ.

"ವೈರಸ್ ಇಲ್ಲ," ಎಂದರು ಮೇಡಂ. "ಇದ್ದಿದ್ರೆ ಇದು ಮೊದಲು ಏಳಬೇಕಿತ್ತು. ಐಎಲ್-ಎಂಟು ಮಾತ್ರ ಆಕಾಶಕ್ಕೆ ಹೋಗಿದೆ. ಇದು ಮನುಷ್ಯನ ಜ್ವರ ಅಲ್ಲ, ಟ್ಯೂಬಿನ ಜ್ವರ."

"ಅಂದ್ರೆ?"

"ರಕ್ತಕ್ಕೆ ತಾನು ಮೈಯಿಂದ ಹೊರಗೆ ಬಂದಿದ್ದೀನಿ ಅಂತ ಗೊತ್ತಾಗಲ್ಲ. ಬೆಚ್ಚಗೆ ಇಟ್ರೆ ಟ್ಯೂಬೊಳಗೇ ಜೀವಕೋಶಗಳು ಕೂಗ್ತಾ ಇರ್ತವೆ. ಯಾರೂ ಬರಲ್ಲ, ಇವು ಕೂಗೋದು ಬಿಡಲ್ಲ. ಐಸ್ ಯಾಕೆ ಅಂದ್ಕೊಂಡೆ ಮತ್ತೆ? ಇದನ್ನ ಯಾರೋ ಗಂಟೆಗಟ್ಟಲೆ ಬೆಚ್ಚಗೆ ಇಟ್ಕೊಂಡಿದ್ದಾರೆ."

"ಚೀಟಿ ಮೇಲಿನ ಸಮಯ ಸರಿಯಾಗಿದೆ ಮೇಡಂ. ಆಗಷ್ಟೇ ತೆಗೆದದ್ದು."

"ಹಾಗಾದ್ರೆ ಸಮಯ ಬರೆದೋರು ಸುಳ್ಳು ಬರೆದಿದ್ದಾರೆ. ಕರೆಸು. ಹೊಸ ರಕ್ತ ಕೊಡ್ಲಿ, ಹೀಗ್ಯಾಕಾಯ್ತು ಅಂತ ಹೇಳ್ಲಿ. ನೀನು ಬೇಡ, ನಾನೇ ಫೋನ್ ಮಾಡ್ತೀನಿ. ನನ್ನ ಫೋನ್ ಎತ್ತದಿರೋ ಡಾಕ್ಟರ್ ಈ ಆಸ್ಪತ್ರೆಯಲ್ಲಿ ಇನ್ನೂ ಹುಟ್ಟಿಲ್ಲ."

ಎತ್ತಿದ. ಮಧ್ಯಾಹ್ನ ಬಂದ. ಬಾಗಿಲು ತಟ್ಟಿಯೇ ಬಂದ. ಮೇಡಂ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಪಕ್ಕದ ಕೋಣೆಯಲ್ಲಿ ಏನೋ ಕೆಲಸವಿದೆ ಎಂದು ಎದ್ದುಹೋದರು. ಆ ಕೋಣೆಯಲ್ಲಿ ಹಳೆಯ ರಟ್ಟಿನ ಪೆಟ್ಟಿಗೆಗಳಲ್ಲದೆ ಬೇರೇನೂ ಇಲ್ಲ.

ಅವನು ಇಳಿದುಹೋಗಿದ್ದ, ಆದರೆ ಆರೋಗ್ಯವಾಗಿದ್ದ. ಅದನ್ನು ಕಂಡದ್ದೇ ಇಷ್ಟು ದಿನದ ಭಯವೆಲ್ಲ ಸಿಟ್ಟಾಗಿ ತಿರುಗಿತು.

"ಜ್ವರ ಇದೆಯಾ?"

"ಇಲ್ಲ."

"ಕೆಮ್ಮು?"

"ಇಲ್ಲ."

"ಹಾಗಾದ್ರೆ ಫೋನ್ ಯಾಕೆ ಎತ್ತಲಿಲ್ಲ?"

"ಹತ್ತಿರಕ್ಕೆ ಬರಬೇಡಿ ಅಂದಿದ್ರಲ್ಲ," ಎಂದ ನೆಲ ನೋಡುತ್ತ. "ದನಿ ಕೇಳಿದ್ರೂ ಬಂದ ಹಾಗೇ ಆಗ್ತಿತ್ತು ನನಗೆ."

ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಪಕ್ಕಕ್ಕಿಟ್ಟು ಕೆಲಸದ ಪ್ರಶ್ನೆ ಕೇಳಿದೆ. "ಮಂಗಳವಾರದ ಟ್ಯೂಬು ಎಲ್ಲಿಟ್ಟಿದ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನ ಕೈ ತಾನಾಗಿಯೇ ಅಂಗಿಯ ಎಡಜೇಬಿಗೆ ಹೋಯಿತು.

"ಜೇಬಲ್ಲಾ?"

ತಲೆಯಾಡಿಸಿದ.

"ಎಷ್ಟು ಹೊತ್ತು?"

"ಬೆಳಿಗ್ಗೆ ರೌಂಡ್ಸ್‌ಗೆ ಮುಂಚೆ ತೆಗೆಸ್ಕೊಂಡೆ. ನಿಮ್ಮ ಬಾಗಿಲು ತಟ್ಟಿದ್ದು ಊಟದ ಹೊತ್ತಿಗೆ."

"ನಡುವೆ ಏನು ಮಾಡ್ತಿದ್ರಿ?"

"ಒಂದ್ಸಲ ವಾರ್ಡಿಗೆ ಹೋಗಿಬಂದೆ. ಉಳಿದ ಹೊತ್ತೆಲ್ಲ ನಿಮ್ಮ ಬಾಗಿಲ ಹೊರಗೇ ಇದ್ದೆ."

ಅವನೇ ಮುಂದುವರಿಸಿದ, ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವಾಗಿನ ನಿಧಾನದಲ್ಲಿ.

"ರಕ್ತ ಕೊಡೋದು ಬರೀ ನೆಪ. ಹೇಳೋಕೆ ಬಂದಿದ್ದು ಬೇರೆ. ಒಂದ್ಸಲ ಕೈ ಎತ್ತಿದೆ, ನೀವು ಒಳಗೆ ಫ್ರಿಜ್ ಜೊತೆ ಜಗಳ ಆಡ್ತಿದ್ರಿ. ಇನ್ನೊಂದ್ಸಲ ಏನೋ ಗುನುಗ್ತಾ ಇದ್ರಿ, ನಿಲ್ಲಿಸೋಕೆ ಮನಸ್ಸಾಗಲಿಲ್ಲ. ಟೈಮ್ ಮೀರಿದೆ ಅಂತ ಗೊತ್ತಿತ್ತು. ಟ್ಯೂಬು ಬಿಸಾಕಬೇಕಿತ್ತು. ಬಿಸಾಕಿದ್ರೆ ಒಳಗೆ ಬರೋಕೆ ಕಾರಣವೇ ಇರ್ತಿರಲಿಲ್ಲ. ಅದಕ್ಕೆ ಅಲ್ಲೇ ಗೋಡೆಗಿಟ್ಕೊಂಡು ಹೊಸ ಟೈಮ್ ಬರೆದೆ."

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಇಡೀ ವಾರ್ಡಿಗೆ ಐಸಿನ ಪಾಠ ಮಾಡಿದವನು ಒಂದು ಬೆಳಗೆಲ್ಲ ಟ್ಯೂಬನ್ನು ಎದೆಯ ಮೇಲಿಟ್ಟುಕೊಂಡು ಕಾವು ಕೊಟ್ಟಿದ್ದ. ನಾನು ಮರಣದ ಗುರುತೆಂದು ಓದಿದ ಅಂಕಿ, ಅವನು ನನ್ನ ಬಾಗಿಲ ಹೊರಗೆ ನಿಂತ ಹೊತ್ತಿನ ಅಳತೆ.

"ನೀವು ಸಾಯ್ತೀರಿ ಅಂದ್ಕೊಂಡಿದ್ದೆ ನಾನು," ಎಂದೆ. "ಅಂಕಿ ನೋಡಿ ನನ್ನ ಜೀವ ಹೋಗಿತ್ತು. ಅದಕ್ಕೇ ರಜೆ ಹಾಕಿ ಅಂದೆ, ಹತ್ತಿರ ಬರಬೇಡಿ ಅಂದೆ. ಅಮ್ಮನಿಗೆ ವಯಸ್ಸಾಗಿದೆ, ಅಂಟಿದ್ರೆ ಕಷ್ಟ ಅಂತ."

ಅವನು ನನ್ನನ್ನೇ ನೋಡಿದ. ಬಹಳ ನಿಧಾನಕ್ಕೆ ಅವನ ಮುಖದಲ್ಲಿ ಏನೋ ತೆರೆದುಕೊಳ್ಳುತ್ತ ಬಂತು.

"ವೈರಸ್‌ಗೆ ಅಂದಿದ್ದಾ?"

"ಮತ್ತಿನ್ಯಾವುದಕ್ಕೆ?"

"ಅಮ್ಮ ಒಪ್ಪಲ್ಲ ಅಂತಿದ್ದೀರಿ ಅಂದ್ಕೊಂಡೆ. ಊಟ ಸೇರ್ತಿಲ್ವಾ, ನಿದ್ದೆ ಬರ್ತಿಲ್ವಾ ಅಂತೆಲ್ಲ ಕೇಳಿದಾಗ, ನನ್ನ ಮನಸ್ಸು ನಿಮಗೆ ಗೊತ್ತಾಗಿದೆ ಅಂತ ಎಷ್ಟು ಖುಷಿಯಾಗಿತ್ತು ಗೊತ್ತಾ? ಅದಾದ ಮೇಲೆ ಬೇಡ ಅಂದ್ರಿ."

ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ. ಪಕ್ಕದ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆ ಒಂದು ಕೆಳಗೆ ಬಿದ್ದ ಸದ್ದಾಯಿತು.

"ಕೂತ್ಕೊಳ್ಳಿ, ಅಂಗಿ ತೋಳು ಮಡಚಿ," ಎಂದೆ. ಕೆಲಸ ಕೆಲಸವೇ. ಪಟ್ಟಿ ಬಿಗಿದು, ನರ ಹುಡುಕಿ, ಸೂಜಿ ಹಾಕಿದೆ. ನೂರಾರು ಜನರಿಗೆ ಹಾಕಿದ ಕೈ, ಇವನಿಗೆ ನೋಯಬಾರದೆಂದು ಮೊದಲ ಸಲ ಬೇಡಿಕೊಂಡಿತು. ಟ್ಯೂಬು ತುಂಬಿತು. ಚೀಟಿಯ ಮೇಲೆ ಸಮಯವನ್ನು ನಾನೇ ಬರೆದೆ. ನೇರ ಐಸಿಗೆ, ಐಸಿನಿಂದ ಯಂತ್ರಕ್ಕೆ. ಮುಚ್ಚಳ ಹಾಕಿ ಗುಂಡಿ ಒತ್ತಿದೆ.

"ಹತ್ತು ನಿಮಿಷ ತಿರುಗುತ್ತೆ," ಎಂದೆ. "ಅವತ್ತು ಹೇಳ್ಬೇಕು ಅಂದಿದ್ದನ್ನ ಅಷ್ಟರೊಳಗೆ ಹೇಳಿ. ಇನ್ನೊಂದು ಟ್ಯೂಬು ಹಾಳಾಗೋದು ಬೇಡ."

ಯಂತ್ರ ಗುಂಯ್‌ಗುಡುತ್ತಿತ್ತು. ಅವನು ತೋಳಿನ ಮೇಲಿನ ಹತ್ತಿ ಒತ್ತಿಕೊಂಡು ಕೂತಿದ್ದ.

"ನಿಮ್ಮನ್ನ ಪ್ರೀತಿಸ್ತೀನಿ," ಎಂದ. "ಇಷ್ಟು ಸಣ್ಣದಕ್ಕೆ ಅಷ್ಟು ಹೊತ್ತು ನಿಂತಿದ್ದೆ. ಆದ್ರೆ ಈಗ ಇನ್ನೊಂದು ವಿಷಯ ಇದೆ. ಮೊನ್ನೆ ಆ ಆಸ್ಪತ್ರೆಗೆ ಬರ್ತೀನಿ ಅಂತ ಒಪ್ಕೊಂಡುಬಿಟ್ಟೆ. ಒಂದು ವರ್ಷ. ಅಲ್ಲಿ ಇಬ್ಬರ ಕೆಲಸಕ್ಕೆ ಒಬ್ಬರಿದ್ದಾರೆ, ಹಿಂದಕ್ಕೆ ತಗೊಳ್ಳೋಕೆ ಮನಸ್ಸು ಒಪ್ತಿಲ್ಲ. ಬೇಡ ಅಂದ್ರೆ ಹೇಳಿ, ನಾಚಿಕೆ ಬಿಟ್ಟು ಬರಲ್ಲ ಅಂತೀನಿ."

ಒಂದು ವರ್ಷ. ಕೈಗೆ ಬಂದ ಕೂಡಲೇ ಹೊರಟು ನಿಂತ ಮನುಷ್ಯ. ಬೇಡ ಎನ್ನಲು ಬಾಯಿ ತೆರೆದೆ. ಅವನು ಬದುಕಿದ್ದಾನೆ, ಬಸ್ಸು ಹಿಡಿದರೆ ಸಿಗುವಷ್ಟು ದೂರದಲ್ಲಿರುತ್ತಾನೆ. ಮೂರು ದಿನದ ಹಿಂದೆ ಇಷ್ಟು ಸಿಕ್ಕಿದ್ದರೆ ನಾನು ಬೇರೇನೂ ಕೇಳುತ್ತಿರಲಿಲ್ಲ.

"ಹೋಗಿ ಬನ್ನಿ," ಎಂದೆ. "ಆದ್ರೆ ಒಂದು ಸಲದ ಅಳತೆ ನಾವು ನಂಬಲ್ಲ. ಆಗಾಗ ಬಂದು ಇದೇ ಮಾತು ಹೇಳ್ಬೇಕು. ಈ ಸಲ ಹೊರಡೋಕೆ ಮುಂಚೆ ನಮ್ಮಮ್ಮನ್ನೂ ನೋಡ್ಬೇಕು. ಬೇಗ ಹೇಳು ಅಂದಿದ್ದಾಳೆ ಅವಳು."

"ನೀವೇನೂ ಹೇಳಲೇ ಇಲ್ಲ," ಎಂದ. ಎಡಗಡೆಯ ಗುಳಿ ಮೂಡಲೋ ಬೇಡವೋ ಎಂದು ನೋಡುತ್ತಿತ್ತು.

"ನಮ್ಮಪ್ಪನಿಗೋಸ್ಕರ ಹೆದರಿದ ಹಾಗೆ ನಿನಗೋಸ್ಕರ ಹೆದರಿದ್ದೆ," ಎಂದೆ. "ಪ್ರೀತಿ ಅಂದ್ರೆ ಅದೇ ಅಲ್ವಾ. ನನಗೆ ಬೇರೆ ಥರ ಹೇಳೋಕೆ ಬರಲ್ಲ."

ಅವನ ಕೈ ನನ್ನ ಎಡಗೈ ಹಿಡಿಯಿತು. ಇವತ್ತೂ ಬಿಸಿಯಾಗಿತ್ತು, ಆದರೆ ನಾನು ಹೆದರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ, ಯಂತ್ರ ನಿಂತು ಕುಯ್ ಕುಯ್ ಎಂದು ಕೂಗತೊಡಗಿತು. ಪಕ್ಕದ ಕೋಣೆಯಿಂದ ಮೇಡಂ ಕೆಮ್ಮಿದರು.

"ಟ್ಯೂಬು ಕಾಯಬಾರದು," ಎಂದ ಐಸ್ ಡಾಕ್ಟರ್.

"ಗೊತ್ತು," ಎಂದೆ. ಎದ್ದು ಮುಚ್ಚಳ ತೆಗೆದು, ಟ್ಯೂಬನ್ನು ಹೊರಗೆಳೆದು ಐಸಿನಲ್ಲಿಟ್ಟೆ. ಎಡಗೈ ಇನ್ನೂ ಅವನ ಕೈಯಲ್ಲೇ ಇದ್ದುದರಿಂದ, ಎಲ್ಲವನ್ನೂ ಒಂದೇ ಕೈಯಲ್ಲಿ ಮಾಡಬೇಕಾಯಿತು.